ಲಿಫ್ಟ್ ಮಾಮನ ಒದ್ದೆ ಕೂದಲಿನ ಹೊತ್ತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಜೆಗೆಂದು ಬಾಗಿಲು ಹಾಕಿದ್ದ ಶಾಲೆಯೊಂದರ ಮೈದಾನದಲ್ಲಿ ನೀಲಿ ಪೇಟದ ಎತ್ತರದ ಮನುಷ್ಯರೊಬ್ಬರು ಕಂಕುಳಲ್ಲಿ ಚಾಪೆಗಳ ಸುರುಳಿ ಇಟ್ಟುಕೊಂಡು, ಕತ್ತೆತ್ತಿ ಶಾಲೆಯ ಮಾಳಿಗೆಯನ್ನೇ ದಿಟ್ಟಿಸುತ್ತಿದ್ದಾರೆ. ಅಲ್ಲಿರುವ ನೀರಿನ ಟ್ಯಾಂಕಿನ ನೆರಳು ಎಲ್ಲಿಗೆ ಬೀಳುತ್ತದೆ, ಯಾವಾಗ ಸರಿಯುತ್ತದೆ ಎಂಬ ಅಂದಾಜು ನಡೆಯುತ್ತಿದೆ. ಒಂದು ಚಾಪೆ ಹಾಸುತ್ತಾರೆ. ಹಿಂದೆ ಸರಿದು ನೋಡುತ್ತಾರೆ. ಸಮಾಧಾನವಾಗದೆ ಅದನ್ನು ಎಳೆದು ಇನ್ನಷ್ಟು ಆಚೆಗೆ ಹಾಸುತ್ತಾರೆ. ಮದುವೆ ಮನೆಯಲ್ಲಿ ಊಟದ ಸಾಲು ಹಾಕುವವರೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ.

"ಬಿಸಿಲು ಬೆನ್ನಿಗೆ ಬೀಳ್ಬೇಕು ಮೇಡಂ, ಕಣ್ಣಿಗಲ್ಲ," ಎನ್ನುತ್ತಾರೆ. "ಕಣ್ಣಿಗೆ ಬಿದ್ರೆ ಮಕ್ಕಳು ಎದ್ದು ಓಡ್ತಾರೆ. ಬೆನ್ನಿಗೆ ಬಿದ್ರೆ ಬೆಕ್ಕಿನ ಥರ ಮುದುಡಿ ಕೂತ್ಕೋತಾರೆ. ಕೂತ್ರೆ ತಾನೇ ಮಾತು ಬರೋದು?"

ಮಕ್ಕಳೆಲ್ಲ ಇವರನ್ನು ಕರೆಯುವುದು 'ಲಿಫ್ಟ್ ಮಾಮ' ಎಂದು. ಎತ್ತರದ ಕಟ್ಟಡಗಳ ಲಿಫ್ಟ್ ರಿಪೇರಿ ಇವರ ಕಸುಬು. ವರ್ಷಕ್ಕೊಮ್ಮೆ, ಶಾಲೆಗಳಿಗೆ ರಜೆ ಬಂದಾಗ, ಇಲ್ಲಿನ ಗುರುದ್ವಾರದವರು ಸಿಖ್ ಮಕ್ಕಳಿಗಾಗಿ ಒಂದು ವಾರದ ಶಿಬಿರ ನಡೆಸುತ್ತಾರೆ. ಸುತ್ತಮುತ್ತಲ ಊರುಗಳಿಂದ ಮಕ್ಕಳು ಹಿಂದಿನ ರಾತ್ರಿಯೇ ಬಂದು ತರಗತಿಯ ಕೋಣೆಗಳಲ್ಲೇ ಮಲಗುತ್ತಾರೆ, ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ, ಪ್ರಾರ್ಥನೆ, ಹಾಡು, ಆಟ, ಚರ್ಚೆ ಎಂದು ದಿನ ಕಳೆಯುತ್ತಾರೆ. ಆ ಚರ್ಚೆಗಳಲ್ಲಿ ಯಾವ ದಿನ ಯಾವ ವಿಷಯ ಬರಬೇಕು ಎಂದು ಗೊತ್ತುಮಾಡುವ ಕೆಲಸ ಲಿಫ್ಟ್ ಮಾಮನದು. ಶಿಬಿರದ ಕರಪತ್ರದಲ್ಲಿ ಉದ್ಘಾಟಕರ ಹೆಸರಿದೆ, ಅತಿಥಿಗಳ ಹೆಸರಿದೆ, ಶಾಮಿಯಾನ ಹಾಕಿದವರ ಫೋನ್ ನಂಬರು ಕೂಡ ಇದೆ. ಇವರ ಹೆಸರು ಹುಡುಕಿದರೂ ಸಿಗುವುದಿಲ್ಲ.

ಪತ್ರಿಕೆಯಲ್ಲಿ ಹೆಸರು ಹಾಕಲೇಬಾರದು ಎಂಬ ಕರಾರಿನ ಮೇಲೆಯೇ ಅವರು ನನ್ನೊಂದಿಗೆ ಮಾತಿಗೆ ಒಪ್ಪಿರುವುದು. "ಲಿಫ್ಟ್ ಸರಿಯಾಗಿ ಓಡ್ತಿದ್ರೆ ಮೆಕ್ಯಾನಿಕ್ಕು ಯಾರು ಅಂತ ಯಾರೂ ಕೇಳಲ್ಲ. ಕೇಳಿದ್ರು ಅಂದ್ರೆ ಎಲ್ಲೋ ಕೆಟ್ಟಿದೆ ಅಂತಾನೇ ಅರ್ಥ," ಎಂದು ನಗುತ್ತಾರೆ. ಈ ಮನುಷ್ಯನಿಗೆ ನಗು ಬೇಗ ಬರುತ್ತದೆ. ಶಿಬಿರದ ಮೊದಲ ದಿನವಾದ ಇವತ್ತು ಮಾತ್ರ ಆ ನಗು ಅರ್ಧಕ್ಕೇ ನಿಂತುಹೋಗುತ್ತಿದೆ. ಮಾತಿನ ನಡುವೆ ಕಣ್ಣು ಮತ್ತೆ ಮತ್ತೆ ಹೆಣ್ಣುಮಕ್ಕಳು ಮಲಗಿರುವ ಕೋಣೆಯ ಬಾಗಿಲಿನ ಕಡೆ ಹೋಗುತ್ತದೆ. ಅದರ ಕಾರಣಕ್ಕೆ ಆಮೇಲೆ ಬರುತ್ತೇನೆ.

ವಿಷಯ ಆರಿಸುವ ಕೆಲಸವನ್ನು ಇವರು ಬೇಡಿ ಪಡೆದವರಲ್ಲ. ಒಂದು ಸಲ ಗುರುದ್ವಾರದ ಸಭೆ ನಡೆಯುತ್ತಿದ್ದಾಗ ಇವರು ಅದೇ ಕೋಣೆಯಲ್ಲಿ ಏಣಿ ಹತ್ತಿ ಫ್ಯಾನು ರಿಪೇರಿ ಮಾಡುತ್ತಿದ್ದರಂತೆ. ಶಿಬಿರಕ್ಕೆ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಬಂದವರೂ ಭಾಷಣದ ಹೊತ್ತಿಗೆ ತೂಕಡಿಸುತ್ತಾರೆ ಎಂದು ಕೆಳಗೆ ಚರ್ಚೆ. ವಿಷಯಗಳನ್ನು ಗೊತ್ತುಮಾಡುತ್ತಿದ್ದ ಹಿರಿಯರು ಬೇರೆ ಊರಿಗೆ ಹೋಗಿದ್ದರು. ಕಾರ್ಯದರ್ಶಿಗಳು ನಿವೃತ್ತ ಶಿಕ್ಷಕರು, ಎಲ್ಲರಿಗೂ 'ಮೇಷ್ಟ್ರು'. ಅವರು ಸುತ್ತ ಕಣ್ಣು ಹಾಯಿಸಿದರು. ಕೂತವರೆಲ್ಲ ತಲೆ ತಗ್ಗಿಸಿದರು. ಏಣಿಯ ಮೇಲಿದ್ದವನಿಗೆ ತಗ್ಗಿಸಲು ಅವಕಾಶವೇ ಇರಲಿಲ್ಲ.

"ನಾನೇನು ಓದಿದವನಾ ಮೇಡಂ? ಗ್ರಂಥ ಓದ್ಬೇಕಾದ್ರೂ ಬೆರಳಿಟ್ಟು ಓದ್ತೀನಿ. ನನ್ನ ಕೈಲಾಗಲ್ಲ ಅಂದೆ. ಮೇಷ್ಟ್ರು ಏನಂದ್ರು ಗೊತ್ತಾ? ಕೈಲಾಗೋರೆಲ್ಲ ಮಾಡಿ ಆಯ್ತಪ್ಪ, ಇನ್ನು ನೀನು ನೋಡು ಅಂದ್ರು. ಹೊಗಳಿದ್ರೋ ಬೈದ್ರೋ ಇವತ್ತಿಗೂ ಗೊತ್ತಿಲ್ಲ."

ಹೊಸ ಕೆಲಸದ ಮೊದಲ ವರ್ಷವೇ ಲಿಫ್ಟ್ ಮಾಮ ಎಡವಿದರು. ಆ ಕಥೆಯನ್ನು ಶಿಬಿರದಲ್ಲಿ ಯಾರನ್ನು ಕೇಳಿದರೂ ಹೊಟ್ಟೆ ಹಿಡಿದುಕೊಂಡು ಹೇಳುತ್ತಾರೆ. ಪೇಟದ ಘನತೆಯ ಬಗ್ಗೆ ಉಪನ್ಯಾಸ ಕೊಡಲು ದೂರದಿಂದ ಒಬ್ಬ ದೊಡ್ಡ ವಿದ್ವಾಂಸರನ್ನು ಕರೆಸಿದ್ದರು. ಹನ್ನೊಂದಕ್ಕೆ ಉಪನ್ಯಾಸ. ಅದಕ್ಕೆ ಮೊದಲು ಮಕ್ಕಳಿಗೆ ಸ್ವಲ್ಪ ಹುರುಪು ಬರಲಿ ಎಂದು ಇವರು ಶಾಲೆಯ ಈಜುಕೊಳದಲ್ಲಿ ಈಜು ಇಟ್ಟುಬಿಟ್ಟರು. ಸಿಖ್ಖರು ಧರ್ಮದ ನೇಮವಾಗಿ ಕೂದಲು ಕತ್ತರಿಸುವುದಿಲ್ಲ. ಗಂಡುಮಕ್ಕಳಿಗೂ ಸೊಂಟದವರೆಗೆ ಕೂದಲು. ಅಷ್ಟುದ್ದದ ಕೂದಲನ್ನು ಈಜುಕೊಳದ ನೀರು ಹೋಗುವಂತೆ ತೊಳೆದು, ಹಿಂಡಿ, ಒಣಗಿಸಿ, ಬಾಚಿ, ಮೇಲೆ ಪೇಟ ಸುತ್ತಬೇಕೆಂದರೆ ಅರ್ಧ ದಿನವೇ ಬೇಕು. ವಿದ್ವಾಂಸರು ಬಂದು ನೋಡುತ್ತಾರೆ, ಶಿಬಿರದ ಮಕ್ಕಳೆಲ್ಲ ಮೈದಾನದಲ್ಲಿ ಕೂದಲು ಹರಡಿಕೊಂಡು ಬಿಸಿಲು ಕಾಯಿಸುತ್ತಿದ್ದಾರೆ. ಒಂದು ತಲೆಯ ಮೇಲೂ ಪೇಟವಿಲ್ಲ. ಎಲ್ಲವೂ ಹಗ್ಗದ ಮೇಲೆ ನೇತಾಡುತ್ತಿವೆ.

"ನಿಮ್ಮ ಪೇಟಗಳೆಲ್ಲಿ?" ಎಂದು ಅವರು ಗಂಭೀರವಾಗಿ ಕೇಳಿದರಂತೆ. "ಒಣಗ್ತಾ ಇವೆ ಅಂಕಲ್," ಎಂದು ಮಕ್ಕಳು ಒಂದೇ ದನಿಯಲ್ಲಿ ಕೂಗಿದರಂತೆ.

ಮೇಷ್ಟ್ರು ಲಿಫ್ಟ್ ಮಾಮನನ್ನು ಮೂಲೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ಝಾಡಿಸಿದರು. "ನಿನ್ನ ತಲೇಲೂ ಕೂದಲಿದೆಯಲ್ಲಪ್ಪ! ಒಣಗೋಕೆ ಎಷ್ಟು ಹೊತ್ತು ಬೇಕು ಅಂತ ನಿನಗೂ ಹೇಳಿಕೊಡ್ಬೇಕಾ?" ಎಂದರು. ವಿದ್ವಾಂಸರಿಗೆ ಉಪಾಹಾರ ಕೊಟ್ಟು, ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ಕೂರಿಸಿದರು. ಕೊನೆಗೆ ಅವರು ಗಡಿಯಾರ ನೋಡಿ ಎದ್ದು ಹೋದರು. ಅವಮಾನದಿಂದ ಕುಗ್ಗಿದ ಲಿಫ್ಟ್ ಮಾಮ, ಬಾಚುವುದಾದರೂ ಬೇಗ ಮುಗಿಯಲಿ ಎಂದು ಮಕ್ಕಳನ್ನು ಒಬ್ಬರ ಹಿಂದೆ ಒಬ್ಬರಂತೆ ಸಾಲಾಗಿ ಕೂರಿಸಿದರು. ಹಿಂದಿನವರು ಮುಂದಿನವರ ತಲೆ ಬಾಚಬೇಕು, ಎಲ್ಲರೂ ಬಾಚಿಸಿಕೊಳ್ಳಬೇಕು ಎಂದರು. ಸಾಲಿನ ತುದಿಯಲ್ಲಿ ತಾವೇ ಕೂತರು.

ಅಲ್ಲಿ ಮಾತು ಶುರುವಾಯಿತು. ಯಾರೂ ಕೇಳದೆಯೇ. ಒಬ್ಬ ಹುಡುಗ, ಬಸ್ಸಿನಲ್ಲಿ ಹಿಂದೆ ಕೂತವರು ದಿನಾ ತನ್ನ ಜುಟ್ಟು ಚಿವುಟುತ್ತಾರೆ, ಮನೆಯಲ್ಲಿ ಹೇಳಿಲ್ಲ ಎಂದ. ಒಬ್ಬಳು, ಅಜ್ಜಿ ಆಡುವ ಭಾಷೆ ತನಗೆ ಅರ್ಧವೂ ತಿಳಿಯುವುದಿಲ್ಲ, ಸುಮ್ಮನೆ ಹೂಂ ಅನ್ನುತ್ತೇನೆ ಎಂದಳು. ಇನ್ನೊಬ್ಬ, ಪ್ರಾರ್ಥನೆ ಮಾಡುವಾಗ ಬೇಜಾರಾದರೆ ದೇವರಿಗೆ ಸಿಟ್ಟು ಬರುತ್ತದಾ ಎಂದು ಕೇಳಿದ. ವರ್ಷಗಟ್ಟಲೆ ಭಾಷಣ ಕೇಳಿ ಬಾಯಿ ಬಿಡದ ಮಕ್ಕಳು ಅಂದು ಊಟದ ಗಂಟೆ ಹೊಡೆದರೂ ಏಳಲಿಲ್ಲ.

ಯಾಕೆ ಹೀಗಾಯಿತು ಎಂಬುದು ಲಿಫ್ಟ್ ಮಾಮನಿಗೆ ಮಾತ್ರ ತಟ್ಟನೆ ಹೊಳೆಯಿತು. ಲಿಫ್ಟಿನ ಡಬ್ಬಿಯ ಮೇಲೆ ನಿಂತುಕೊಂಡು, ಕತ್ತಲ ಗೂಡಿನಲ್ಲಿ ಮೇಲೆ ಕೆಳಗೆ ಓಡಾಡುತ್ತಾ ತಂತಿ, ಗಾಲಿ ನೋಡುವುದು ಅವರ ಕಸುಬಿನ ಭಾಗ. ಸರಿಪಡಿಸಿದ ಮೇಲೆ ಪರೀಕ್ಷೆಗೆಂದು ಓಡಿಸುವಾಗ ಕೆಳಗೆ ಡಬ್ಬಿಯೊಳಗೆ ಕಟ್ಟಡದ ಕೆಲಸದವರು ಇರುತ್ತಾರೆ. ಮೇಲೊಬ್ಬ ಇದ್ದಾನೆ ಎಂಬುದು ಎರಡೇ ನಿಮಿಷದಲ್ಲಿ ಅವರಿಗೆ ಮರೆತುಹೋಗುತ್ತದೆ. "ಬಾಗಿಲಿನ ಕಡೆ ಮುಖ ಮಾಡಿ ನಿಂತಿರ್ತಾರೆ. ಒಬ್ಬರ ಮುಖ ಒಬ್ಬರು ನೋಡಲ್ಲ. ಅದಕ್ಕೇ ಏನೇನೋ ಹೇಳ್ಕೋತಾರೆ. ಬೇಕಂತ ಕೇಳಿಸ್ಕೊಳ್ಳಲ್ಲ ಮೇಡಂ, ಕೆಮ್ಮಿ ಗೊತ್ತುಮಾಡ್ತೀನಿ. ಆದ್ರೂ ಒಂದು ಮಾತಂತೂ ಅರ್ಥ ಆಗಿತ್ತು. ಮುಖ ಕಾಣದೇ ಇದ್ರೆ ಮನುಷ್ಯ ನಿಜ ಹೇಳ್ತಾನೆ. ತಲೆ ಬಾಚೋವಾಗಲೂ ಅಷ್ಟೇ. ಬಾಚೋರಿಗೆ ಬಾಚಿಸ್ಕೊಳ್ಳೋರ ಮುಖ ಕಾಣಲ್ಲ."

ಅಂದಿನಿಂದ ತಪ್ಪೇ ಪದ್ಧತಿಯಾಯಿತು. ಈಗ ಶಿಬಿರದ ಮೊದಲ ದಿನ ಬೇಕೆಂದೇ ಈಜು. ಈಜಿನ ನಂತರ ಯಾವ ಭಾಷಣವೂ ಇಲ್ಲ, ಬರೀ 'ಒದ್ದೆ ಕೂದಲಿನ ಹೊತ್ತು'. ಆ ಹೊತ್ತಿನಲ್ಲಿ ಏನು ಮಾತು ಬರುತ್ತದೋ ಅದರಿಂದಲೇ ಉಳಿದ ದಿನಗಳ ವಿಷಯಗಳು ಹುಟ್ಟುತ್ತವೆ. ಯಾರು ಹೇಳಿದರು ಎಂಬುದನ್ನು ಇವರು ಎಲ್ಲೂ ಬಾಯಿ ಬಿಡುವುದಿಲ್ಲ. ಜುಟ್ಟು ಚಿವುಟಿಸಿಕೊಂಡ ಹುಡುಗನಿಂದ 'ಕೆಣಕಿದವರಿಗೆ ಏನು ಹೇಳೋಣ' ಎಂಬ ವಿಷಯ ಬಂತು. ಬೇಜಾರಿನ ಹುಡುಗನಿಂದ ಬಂದದ್ದು 'ಪ್ರಾರ್ಥನೆಯಲ್ಲಿ ಮನಸ್ಸು ಓಡಿಹೋದರೆ'. ಆ ದಿನ ಗುರುದ್ವಾರದಲ್ಲಿ ಗ್ರಂಥ ಓದುವ ಹಿರಿಯರೇ ಬಂದು, ತಮ್ಮ ಮನಸ್ಸೂ ಒಮ್ಮೊಮ್ಮೆ ಅಡುಗೆ ಮನೆಯ ಕಡೆ ಹೋಗುತ್ತದೆ ಎಂದು ಒಪ್ಪಿಕೊಂಡರಂತೆ. ಮಕ್ಕಳಿಗೆ ಅಷ್ಟು ಸಾಕಾಯಿತು.

ಮೇಷ್ಟ್ರು ಮಾತ್ರ ಈ ಹೊತ್ತನ್ನು ಪೂರ್ತಿ ಒಪ್ಪಿದವರಲ್ಲ. ಶಿಬಿರಕ್ಕೆ ಮತ್ತೆ ಮಕ್ಕಳು ತುಂಬತೊಡಗಿದ್ದರಿಂದ ಬೇಡ ಎನ್ನಲೂ ಆಗದೆ, ಸಾಲಿನ ಪಕ್ಕದಲ್ಲಿ ಕೈಕಟ್ಟಿ ನಿಂತುಕೊಳ್ಳುತ್ತಾರೆ. ತಮ್ಮ ಪಾಲಿಗೆಂದು ದಿನಕ್ಕೊಂದು ವಿಷಯ ಅವರೇ ಇಡುತ್ತಾರೆ. ಈ ಬಾರಿ ಅವರ ಮೊಮ್ಮಗಳೂ ಶಿಬಿರಕ್ಕೆ ಬಂದಿದ್ದಾಳೆ. ಏಳು ವರ್ಷದ ಈ ಮಗುವಿನ ಬಾಯಿಗೆ ಬೀಗವಿಲ್ಲ. ಎಲ್ಲರೂ ಕರೆಯುವುದು ಪಟಾಕಿ ಎಂದು.

ಇನ್ನು ಆ ಕೋಣೆಯ ಬಾಗಿಲಿನ ಕಡೆ ಹೋಗುತ್ತಿದ್ದ ಕಣ್ಣಿನ ವಿಚಾರ.

ಲಿಫ್ಟ್ ಮಾಮನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಹೆಚ್ಚಾಗಿ ರಾತ್ರಿ ಪಾಳಿ. ಅವರು ಮನೆಗೆ ಬರುವಷ್ಟರಲ್ಲಿ ಮಗಳು ಶಾಲೆಗೆ ಹೊರಟಿರುತ್ತಾಳೆ. ಹಾಗಾಗಿ ಒಬ್ಬಳೇ ಮಗಳ ಜಡೆ ಹಾಕುವುದು ಚಿಕ್ಕಂದಿನಿಂದಲೂ ಅಪ್ಪನ ಕೆಲಸ. ಗ್ರೀಸಿನ ಕೈ ತೊಳೆದು, ಮೂಸಿ ನೋಡಿ, ಮತ್ತೆ ತೊಳೆದು ಜಡೆ ಹಾಕುತ್ತಾರೆ. ಮಗಳಿಗೆ ಈಗ ಹದಿನೈದು. ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ಬೈತಲೆ ತೆಗೆಯುವಾಗ ಕಿವಿಯ ಹಿಂದೆ ದುಂಡಗೆ, ನಾಣ್ಯದಷ್ಟು ಜಾಗದಲ್ಲಿ ಕೂದಲೇ ಇಲ್ಲದ್ದು ಕಂಡಿತು.

"ಅವಳಿಗೆ ಹೇಳ್ಲಿಲ್ಲ. ಮೇಲಿಂದ ಕೂದಲು ಮುಚ್ಚಿ ಜಡೆ ಹಾಕಿ ಕಳಿಸಿದೆ. ಸಂಜೆವರೆಗೂ ಯಾವ ಲಿಫ್ಟಿನ ಹತ್ರ ನಿಂತಿದ್ದೀನಿ ಅಂತಾನೇ ಗೊತ್ತಾಗಲಿಲ್ಲ."

ಆಮೇಲೆ ಇನ್ನೊಂದು ಕಡೆ, ಮತ್ತೊಂದು ಕಡೆ. ವೈದ್ಯರು ಇದು ಅಂಟುರೋಗವಲ್ಲ, ದೇಹ ತನ್ನದೇ ಕೂದಲಿನ ಬೇರಿನ ಮೇಲೆ ಮುನಿಸಿಕೊಂಡಂತೆ, ಮತ್ತೆ ಬೆಳೆಯಬಹುದು, ಬೆಳೆಯದೆಯೂ ಇರಬಹುದು ಎಂದರು. ಬೇರೆ ಹುಡುಗಿಯರಿಗಾದರೂ ಇದು ಕಷ್ಟವೇ. ಆದರೆ ಹುಟ್ಟಿದಾಗಿನಿಂದ ಒಂದು ಎಳೆಯನ್ನೂ ಕತ್ತರಿಸದ ಈ ಹುಡುಗಿಗೆ ಬೇರೆಯದೇ ಭಯ ಹಿಡಿಯಿತು. ನೋಡಿದವರು, ಇವಳೇ ಕತ್ತರಿಸಿಕೊಂಡಿದ್ದಾಳೆ ಎಂದುಕೊಂಡರೆ? "ನಾನು ಬಿಡಲಿಲ್ಲ ಅಪ್ಪ, ಅದೇ ನನ್ನನ್ನ ಬಿಟ್ಟು ಹೋಗ್ತಿದೆ. ಇದನ್ನ ಎಷ್ಟು ಜನಕ್ಕೆ ಹೇಳ್ಲಿ?" ಎಂದಳಂತೆ. ಅಂದಿನಿಂದ ತಲೆಗೆ ದುಪಟ್ಟಾ ಸುತ್ತಿಕೊಂಡಳು. ಗುರುದ್ವಾರಕ್ಕೆ ಹೋಗುವುದನ್ನು ಬಿಟ್ಟಳು. ಮೂರು ವರ್ಷದವಳಿದ್ದಾಗಿನಿಂದ ಬರುತ್ತಿದ್ದ ಶಿಬಿರಕ್ಕೆ ಈ ಸಲ ಬರುವುದಿಲ್ಲ ಎಂದಳು. ಕಾರಣ ಕೇಳಬೇಕಾಗಿರಲಿಲ್ಲ. ಮೊದಲ ದಿನವೇ ಎಲ್ಲರೆದುರು ತಲೆ ಬಿಚ್ಚಿ ಕೂರುವ ಹೊತ್ತು ಇದೆಯಲ್ಲ, ಅಪ್ಪನೇ ಕಟ್ಟಿದ್ದು.

ಲಿಫ್ಟ್ ಮಾಮ ಈಜನ್ನೇ ತೆಗೆದುಹಾಕಲು ಹೊರಟರು. ಕೊಳದಲ್ಲಿ ಪಾಚಿ ಕಟ್ಟಿದೆ ಎಂದು ಹೇಳಿದರಾಯಿತು ಎಂದುಕೊಂಡರು. ಅದನ್ನು ಕೇಳಿ ಮಗಳು ಇನ್ನಷ್ಟು ಕುಗ್ಗಿದಳು. ತನ್ನಿಂದಾಗಿ ಎಲ್ಲರ ಈಜು ಹೋಯಿತು ಎಂಬ ಭಾರ ಬೇರೆ. ಕೊನೆಗೆ ಹೆಂಡತಿ ಪಾಳಿ ಮುಗಿಸಿ ಬಂದು ಸಮವಸ್ತ್ರದಲ್ಲೇ ಮಗಳ ಪಕ್ಕ ಮಲಗಿಕೊಂಡು ಏನೋ ಹೇಳಿದರು. ಏನೆಂದು ಇವತ್ತಿಗೂ ಗಂಡನಿಗೆ ತಿಳಿಸಿಲ್ಲ. ಎದ್ದ ಮೇಲೆ ಮಗಳು ಒಂದು ಷರತ್ತು ಹಾಕಿದಳು. ಬರುತ್ತೇನೆ, ನೀರಿಗಿಳಿಯುವುದಿಲ್ಲ, ದುಪಟ್ಟಾ ತೆಗೆಯುವುದಿಲ್ಲ. ಯಾರಾದರೂ ಒಂದು ಮಾತು ಅಂದರೆ ಆ ಕ್ಷಣವೇ ಮನೆಗೆ ಹೊರಡುತ್ತೇನೆ, ಇನ್ನೆಂದೂ ಬಾ ಅನ್ನಬಾರದು.

"ಇಷ್ಟು ವರ್ಷ ಊರಿನ ಮಕ್ಕಳ ಬಾಯೆಲ್ಲ ಬಿಡಿಸಿದೆ. ನನ್ನ ಮಗಳೇ ಬಾಯಿ ಮುಚ್ಕೊಂಡ್ರೆ ಈ ಹೊತ್ತು ಇದ್ದು ಏನು ಪ್ರಯೋಜನ ಮೇಡಂ?" ಎಂದು ಅವರು ಕೇಳುತ್ತಾರೆ. ಒಬ್ಬ ಕಷ್ಟಜೀವಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಂಡು ಹೋಗಲು ಬಂದವಳು ನಾನು. ಈಗ ನನ್ನ ಕಣ್ಣೂ ಆ ಬಾಗಿಲಿಗೇ ನೆಟ್ಟುಕೊಂಡಿದೆ.

ಪ್ರಾರ್ಥನೆ ಮುಗಿಯುತ್ತದೆ. ಮಕ್ಕಳು ಈಜುಕೊಳಕ್ಕೆ ನುಗ್ಗುತ್ತಾರೆ. ಆ ಗದ್ದಲವನ್ನು ಬರೆಯುವುದು ನನ್ನಿಂದಾಗದು. ಮಗಳು ಹಸಿರು ದುಪಟ್ಟಾವನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಕೊಳದ ದಂಡೆಯಲ್ಲಿ ಟವೆಲ್ಲುಗಳ ರಾಶಿಯ ಪಕ್ಕ ನಿಂತಿದ್ದಾಳೆ. ಬಂದವರಿಗೆಲ್ಲ ಟವೆಲ್ ಕೊಡುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದಾಳೆ. ಕೈಗೆ ಕೆಲಸವಿದ್ದರೆ ಯಾರೂ ಏನೂ ಕೇಳುವುದಿಲ್ಲ ಎಂಬುದು ಅವಳಿಗೂ ಗೊತ್ತು. ಅಪ್ಪ ಬೇರೆ ಕಡೆ ನೋಡುತ್ತಾ ಬಕೆಟ್ಟುಗಳನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸುಮ್ಮಸುಮ್ಮನೆ ಸಾಗಿಸುತ್ತಿದ್ದಾರೆ.

ಬಿಸಿಲು ಅವರು ಹೇಳಿದ ಜಾಗಕ್ಕೇ ಬಿದ್ದಿದೆ. ಮಕ್ಕಳು ಸಾಲಾಗಿ ಕೂರುತ್ತಾರೆ. ಚಿಕ್ಕವರು ಮುಂದೆ, ದೊಡ್ಡವರು ಹಿಂದೆ. ಮರದ ಬಾಚಣಿಗೆಗಳು ಕೈಯಿಂದ ಕೈಗೆ ಹೋಗುತ್ತವೆ. ತುದಿಯಲ್ಲಿ ಲಿಫ್ಟ್ ಮಾಮ ಕೂರುತ್ತಾರೆ. ಅವರ ಮುಂದಿನ ಜಾಗ ಪ್ರತಿ ವರ್ಷ ಮಗಳದು. ಈ ಸಲ ಅಲ್ಲಿ ಬರೀ ಚಾಪೆ. ಅವರು ಅದರ ಮೇಲಿನ ಧೂಳನ್ನು ಅಂಗೈಯಿಂದ ಸವರಿ ತೆಗೆಯುತ್ತಾರೆ. ಧೂಳೇನೂ ಇರಲಿಲ್ಲ. ಮಗಳು ಸಾಲಿನಿಂದ ಸ್ವಲ್ಪ ದೂರದಲ್ಲಿ, ಮೆಟ್ಟಿಲ ಮೇಲೆ ಒದ್ದೆ ಟವೆಲ್ಲುಗಳನ್ನು ಮಡಿಸುತ್ತಾ ಕೂತಿದ್ದಾಳೆ. ಒದ್ದೆ ಟವೆಲ್ಲನ್ನು ಯಾರೂ ಮಡಿಸುವುದಿಲ್ಲ.

ಅಷ್ಟರಲ್ಲಿ ಸಾಲಿನ ಮುಂಭಾಗದಲ್ಲಿ ಪಟಾಕಿ ಸಿಡಿಯುತ್ತದೆ. ಹಿಂದೆ ಕೂತ ಹುಡುಗ ಸಿಕ್ಕು ಬಿಡಿಸುವ ಬದಲು ಎಳೆಯುತ್ತಿದ್ದಾನೆಂದು ಜಗಳ. "ಇವನು ಕೂದಲು ಬಾಚ್ತಿಲ್ಲ, ತಲೆನೇ ಕೀಳ್ತಿದ್ದಾನೆ!" ಎಂದು ಎದ್ದವಳು ಬಾಚಣಿಗೆ ಕಿತ್ತುಕೊಂಡು ನೇರ ಮೆಟ್ಟಿಲಿನ ಕಡೆ ನಡೆಯುತ್ತಾಳೆ. ಮಗಳ ಮೊಣಕಾಲಿಗೆ ಬೆನ್ನು ಕೊಟ್ಟು ಕೂತು, "ಅಕ್ಕ, ನೀನು ಬಾಚು," ಎನ್ನುತ್ತಾಳೆ. ಕೇಳಿಕೊಂಡಂತಲ್ಲ, ಅಪ್ಪಣೆ ಕೊಟ್ಟಂತೆ.

ಮಗಳು ಬಾಚುತ್ತಾಳೆ. ತುದಿಯಿಂದ ಶುರುಮಾಡಿ, ಬುಡವನ್ನು ಒಂದು ಕೈಯಲ್ಲಿ ಹಿಡಿದು, ನೋವಾಗದಂತೆ. ಅಪ್ಪನಿಂದ ಕಲಿತದ್ದು ಎಂದು ನೋಡಿದವರಿಗೇ ತಿಳಿಯುತ್ತದೆ. ಚಂದದ ಜಡೆ ಹಾಕಿ ಮುಗಿಸುತ್ತಾಳೆ. ಪಟಾಕಿ ಜಡೆ ಮುಟ್ಟಿ ನೋಡಿಕೊಂಡು, ಎದ್ದು, ಒಂದು ಮೆಟ್ಟಿಲು ಮೇಲೆ ಹತ್ತಿ ಅವಳ ಹಿಂದೆ ನಿಲ್ಲುತ್ತಾಳೆ.

"ಈಗ ನಾನು ನಿನಗೆ."

"ನನಗೆ ಬೇಡ ಪುಟ್ಟಿ."

"ಯಾಕೆ ಬೇಡ? ಎಲ್ಲರೂ ಬಾಚಿಸ್ಕೋಬೇಕು. ನಿಮ್ಮಪ್ಪಾನೇ ರೂಲ್ಸ್ ಮಾಡಿದ್ದು."

ಲಿಫ್ಟ್ ಮಾಮ ಅರ್ಧ ಎದ್ದು ನಿಂತಿದ್ದಾರೆ. ಹೋಗಿ ಮಗುವನ್ನು ಎತ್ತಿಕೊಂಡು ಬರಲೇ, ಬೇಡವೇ ಎಂದು ತೋಚುತ್ತಿಲ್ಲ. ಮಗಳು ಅಪ್ಪನನ್ನು ನೋಡುತ್ತಾಳೆ, ನೆಲ ನೋಡುತ್ತಾಳೆ. ಆಮೇಲೆ ಇನ್ಯಾರನ್ನೂ ನೋಡದೆ ದುಪಟ್ಟಾದ ಗಂಟು ಬಿಚ್ಚುತ್ತಾಳೆ.

"ಅಯ್ಯೋ ಅಕ್ಕ, ಇಲ್ಲಿ ಕೂದಲೇ ಇಲ್ಲ!" ಎಂದು ಪಟಾಕಿ ಕೂಗುತ್ತಾಳೆ. ಮೆಲ್ಲಗೆ ಮಾತಾಡುವುದು ಆ ಮಗುವಿಗೆ ಯಾರೂ ಕಲಿಸಿಲ್ಲ. ಸಾಲಿಗೆ ಸಾಲೇ ತಿರುಗುತ್ತದೆ.

"ಹೂಂ," ಎನ್ನುತ್ತಾಳೆ ಮಗಳು. "ಉದುರಿಹೋಗಿದೆ."

"ನೋವಾಗುತ್ತಾ?"

"ಇಲ್ಲ."

"ಸರಿ, ಅಲ್ಲಿ ಬಾಚಲ್ಲ. ಸುತ್ತ ಬಾಚ್ತೀನಿ." ಪಟಾಕಿ ನಾಲಿಗೆ ಕಚ್ಚಿಕೊಂಡು, ಬಹಳ ಜೋಪಾನವಾಗಿ ಕೆಲಸ ಶುರುಮಾಡುತ್ತಾಳೆ. ಎರಡು ಸಲ ಬಾಚಿ, ಏನೋ ನೆನಪಾದವಳಂತೆ ಮತ್ತೆ ಬಾಯಿ ತೆಗೆಯುತ್ತಾಳೆ. "ನಮ್ಮ ತಾತನಿಗೂ ಹೀಗೇ ಅಕ್ಕ. ಪೇಟ ತೆಗೆದ್ರೆ ಮೇಲೆ ಬರೀ ಬೋಳು. ಫಳಫಳ ಅನ್ನುತ್ತೆ. ಯಾರಿಗೂ ಹೇಳ್ಬೇಡ ಅಂದಿದ್ದಾರೆ, ನೀನೂ ಹೇಳ್ಬೇಡ."

ತಾತ ಅಲ್ಲೇ, ಮೆಟ್ಟಿಲಿನ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಾರೆ. ಮೇಷ್ಟ್ರ ಕೈ ತಾನಾಗಿಯೇ ತಲೆಯ ಮೇಲಿನ ಅಚ್ಚುಕಟ್ಟಾದ ಬಿಳಿ ಪೇಟಕ್ಕೆ ಹೋಗುತ್ತದೆ. ಮೇಷ್ಟ್ರ ಸಿಟ್ಟು ಎಲ್ಲರಿಗೂ ಗೊತ್ತು.

"ಹೌದು ಕಣ್ರೋ," ಎನ್ನುತ್ತಾರೆ ಮೇಷ್ಟ್ರು ಕೊನೆಗೆ. "ನಲವತ್ತಕ್ಕೇ ಹೋಯ್ತು. ಅದಕ್ಕೇ ನನ್ನ ಪೇಟ ನಿಮ್ಮ ಪೇಟಕ್ಕಿಂತ ನೆಟ್ಟಗೆ ಕೂರೋದು. ಒಳಗೆ ಗಲಾಟೆ ಮಾಡೋರು ಯಾರೂ ಇಲ್ಲ."

ನಗು ಎಲ್ಲಿಂದ ಶುರುವಾಯಿತೋ ತಿಳಿಯಲಿಲ್ಲ. ಸಾಲು ಚೆಲ್ಲಾಪಿಲ್ಲಿಯಾಗಿ ಮಕ್ಕಳು ಚಾಪೆಯ ಮೇಲೆ ಉರುಳಾಡುತ್ತಿದ್ದಾರೆ. ಮಗಳು ನಗುತ್ತಿದ್ದಾಳೆ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಭುಜ ಕುಲುಕಿಸಿಕೊಂಡು. ಪಟಾಕಿಗೆ ಮಾತ್ರ ತಾನೇನು ತಮಾಷೆ ಮಾಡಿದೆ ಎಂದು ಗೊತ್ತಾಗದೆ, "ಅಲ್ಲಾಡ್ಬೇಡ ಅಕ್ಕ!" ಎಂದು ಗದರುತ್ತಿದ್ದಾಳೆ.

ನಗು ತಣ್ಣಗಾದ ಮೇಲೆ ಮೇಷ್ಟ್ರು ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲ ಮೇಲೆ, ಹುಡುಗಿಯ ಪಕ್ಕ ಕೂರುತ್ತಾರೆ. ಒದ್ದೆ ಕೂದಲಿನ ಹೊತ್ತಿನಲ್ಲಿ ಅವರು ಕೂತದ್ದು ಇದೇ ಮೊದಲಂತೆ. "ಕತ್ತರಿಸೋದು ಬೇರೆ, ಉದುರೋದು ಬೇರೆ ಕಣಮ್ಮ," ಎನ್ನುತ್ತಾರೆ, ಅವಳೊಬ್ಬಳಿಗೇ ಕೇಳುವಷ್ಟು ಮೆತ್ತಗೆ. ಹತ್ತಿರವಿದ್ದ ನನಗೂ ಕೇಳಿಸಿತು. "ಕೊಟ್ಟವನೇ ವಾಪಸ್ ತಗೊಂಡ್ರೆ ಅದಕ್ಕೆ ನಾವು ಯಾರಿಗೂ ಉತ್ತರ ಹೇಳ್ಬೇಕಾಗಿಲ್ಲ. ನನಗೆ ಇದನ್ನ ಯಾರೂ ಹೇಳ್ಲಿಲ್ಲ. ಸುಮ್ಮನೆ ಇಷ್ಟು ವರ್ಷ ಮುಚ್ಚಿಟ್ಕೊಂಡೆ."

ಹುಡುಗಿಯೊಬ್ಬಳು ತನ್ನ ಕಜ್ಜಿಯ ಕಲೆ ತೋರಿಸುತ್ತಾಳೆ. ಇನ್ನೊಬ್ಬ ತಾನು ರಾತ್ರಿ ದೀಪ ಆರಿಸಿದರೆ ಹೆದರುತ್ತೇನೆ ಎನ್ನುತ್ತಾನೆ. ಮಾತು ಅದರ ಪಾಡಿಗೆ ಬೇರೆ ಬೇರೆ ಕಡೆ ಹರಿದುಹೋಗುತ್ತದೆ. ಮಗಳ ತಲೆಯ ಬಗ್ಗೆ ಮತ್ತೆ ಯಾರೂ ಏನೂ ಕೇಳುವುದಿಲ್ಲ. ಕೇಳುವುದಕ್ಕೆ ಏನೂ ಉಳಿದಿಲ್ಲ.

ಲಿಫ್ಟ್ ಮಾಮ ಈಗ ಎಲ್ಲಿದ್ದಾರೆಂದು ಹುಡುಕಿದರೆ, ಅಡುಗೆ ಕೋಣೆಯ ಹಿಂದಿನ ನಲ್ಲಿಯ ಬಳಿ ಸಿಗುತ್ತಾರೆ. ಮುಖ ತೊಳೆಯುತ್ತಿದ್ದಾರೆ. ತೊಳೆದು, ಒರೆಸಿ, ಮತ್ತೆ ತೊಳೆಯುತ್ತಿದ್ದಾರೆ. ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದ ಹೆಂಡತಿ ಚೀಲವನ್ನು ಹೆಗಲಿನಿಂದ ಇಳಿಸದೆ ಪಕ್ಕದಲ್ಲಿ ನಿಂತಿದ್ದಾರೆ. ಅವರೂ ಎಲ್ಲವನ್ನೂ ಗೇಟಿನಿಂದ ನೋಡಿದ್ದಾರೆ. ಗಂಡನ ಬೆನ್ನ ಮೇಲೆ ಕೈಯಿಟ್ಟು, "ಸಾಕು ಬಿಡಿ, ನೀರೆಲ್ಲ ಖಾಲಿಯಾಗುತ್ತೆ," ಎನ್ನುತ್ತಾರೆ. ಆ ಹೊತ್ತಿಗೆ ನನಗೂ ಒಂದು ಗುಟುಕು ನೀರು ಬೇಕಾಗಿತ್ತು.

ಮಧ್ಯಾಹ್ನದ ಊಟದ ನಂತರ ಮಗಳನ್ನು ಬದಿಗೆ ಕರೆದು, ನಿನ್ನ ವಿಚಾರ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳುತ್ತೇನೆ. ದುಪಟ್ಟಾ ಈಗ ಹೆಗಲ ಮೇಲಿದೆ. ಪಟಾಕಿ ಹಾಕಿದ ಜಡೆ ಒಂದು ಕಡೆ ವಾಲಿದೆ. ಸ್ವಲ್ಪ ಯೋಚಿಸಿ, "ಬರೀರಿ ಆಂಟಿ," ಎನ್ನುತ್ತಾಳೆ. "ಆದ್ರೆ 'ಪಾಪ' ಅಂತ ಬರೀಬೇಡಿ." ಬರೆದಿಲ್ಲ ಎಂದು ಅವಳೇ ಓದಿ ಹೇಳಬೇಕು.

ನಾನು ಹೊರಡುವ ಹೊತ್ತಿಗೆ ಲಿಫ್ಟ್ ಮಾಮ ಕಪ್ಪು ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದಾರೆ. ಬೆಳಗಿನ ಮಾತುಗಳಿಂದ ನಾಳೆಗೆ ಯಾವ ವಿಷಯ ತೆಗೆಯಲಿ ಎಂದು ಯೋಚನೆ. ಹಲಗೆಯ ಮೇಲ್ತುದಿಯಲ್ಲಿ, ಇವತ್ತಿನ ಸಂಜೆಗೆಂದು, ಮೇಷ್ಟ್ರ ಪಾಲಿನ 'ಸಮಯದ ಮೌಲ್ಯ' ಎಂದು ಬರೆದಿದೆ. ಅಷ್ಟರಲ್ಲಿ ಮಗಳು ದಾಪುಗಾಲು ಹಾಕುತ್ತಾ ಬರುತ್ತಾಳೆ. ಹಲಗೆ ನೋಡುತ್ತಾಳೆ. ಸೊಂಟದ ಮೇಲೆ ಕೈಯಿಟ್ಟುಕೊಳ್ಳುತ್ತಾಳೆ.

"ಅಪ್ಪಾ, ಏನಿದು? ಸಮಯದ ಮೌಲ್ಯಾನಾ? ಹೋದ ವರ್ಷಾನೂ ಇದೇ, ಅದರ ಹಿಂದಿನ ವರ್ಷಾನೂ ಇದೇ. ಇದನ್ನ ಕೇಳಿ ಕೇಳೀನೇ ನಮ್ಮ ಸಮಯ ಹಾಳಾಗ್ತಿರೋದು! ಮೇಷ್ಟ್ರು ಹೇಳಿದ್ರು ಅಂತ ಎಲ್ಲದಕ್ಕೂ ತಲೆ ಆಡಿಸ್ತೀಯಲ್ಲ, ನಿನಗೇ ಬುದ್ಧಿ ಬೇಡ್ವಾ? ಅಳಿಸು ಮೊದಲು. ಹುಡುಗ್ರೆಲ್ಲ ನನ್ನ ಪ್ರಾಣ ತಿಂತಿದ್ದಾರೆ." ಉತ್ತರಕ್ಕೂ ಕಾಯದೆ, ಬಂದಷ್ಟೇ ರಭಸದಲ್ಲಿ ಗೆಳತಿಯರ ಕಡೆ ಓಡುತ್ತಾಳೆ.

ನಾನು ನಗು ತಡೆದುಕೊಂಡು, ಹದಿಹರೆಯದ ಮಗಳ ಬಾಯಿಗೆ ಸಿಕ್ಕ ಅಪ್ಪನಿಗೆ ಏನು ಸಮಾಧಾನ ಹೇಳುವುದು ಎಂದು ತಿರುಗುತ್ತೇನೆ. ಅವರಿಗೆ ಸಮಾಧಾನ ಬೇಕಾಗಿಲ್ಲ. ಸೀಮೆಸುಣ್ಣದ ಕೈಯನ್ನು ಎದೆಯ ಮೇಲಿಟ್ಟುಕೊಂಡು, ಮಗಳು ಹೋದ ದಿಕ್ಕನ್ನೇ ನೋಡುತ್ತಾ ನಿಂತಿದ್ದಾರೆ. ಅಂಗಿಯ ತುಂಬ ಬಿಳಿ.

"ಎಷ್ಟು ತಿಂಗಳಾಗಿತ್ತು ಗೊತ್ತಾ ಮೇಡಂ," ಎನ್ನುತ್ತಾರೆ. "ಏನ್ ಹೇಳಿದ್ರೂ 'ಸರಿ ಅಪ್ಪ', ಏನ್ ಕೇಳಿದ್ರೂ 'ಸರಿ ಅಪ್ಪ'. ಮನೇಲಿ ಯಾರೋ ನೆಂಟರ ಹುಡುಗಿ ಇದ್ದ ಹಾಗಿತ್ತು. ಇವತ್ತು ಬೈದ್ಲು ನೋಡಿ. ನನ್ನ ಮಗಳು ಬಾಯಿ ತುಂಬಾ ಬೈದ್ಲು."